ಹುಳಿ ಸೋಡಾಕ್ಕೆ ಬರಿ ತಾಮ್ರದ ಲೋಟ ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮೂರಿನ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಗೆ ಹೋಗಿದ್ದೆ. ಬಾಗಿಲ ಹತ್ತಿರವೇ ತಂಪು ಪಾನೀಯದ ಕೌಂಟರ್. ಶುಂಠಿ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ, ಮೇಲೆ ಪುದೀನ ಹಾಕಿ, ತಾಮ್ರದ ಲೋಟಗಳಲ್ಲಿ ಮೊದಲೇ ತುಂಬಿಸಿ ಸಾಲಾಗಿ ಇಟ್ಟಿದ್ದರು. ಮುತ್ತಿಕೊಂಡಿದ್ದವರಲ್ಲಿ ಮಕ್ಕಳೇ ಜಾಸ್ತಿ. ಮೊಮ್ಮಗಳು ಕುಡಿದು ಕೊಟ್ಟ ಲೋಟದ ಒಳಗೆ ನೋಡಿದೆ. ಸೋಡಾ ನಿಂತಿದ್ದ ಮಟ್ಟದವರೆಗೆ ತಾಮ್ರ ಹುಣಸೆಹಣ್ಣಿನಲ್ಲಿ ತಿಕ್ಕಿದಂತೆ ಕೆಂಪಗೆ ಹೊಳೆಯುತ್ತಿತ್ತು. ಅದರ ಮೇಲೆ ಅಂಚಿನವರೆಗೂ ಹಳೇ ಕಪ್ಪು. ನಡುವೆ ಗೆರೆ ಎಳೆದ ಹಾಗಿತ್ತು. ಕೆಳಗಿನ ಕಪ್ಪು ಎಲ್ಲಿಗೆ ಹೋಯಿತು? ಮಗುವಿನ ಹೊಟ್ಟೆಗೇ ಅಲ್ವಾ?

ನಾನು ಕಲಾಯಿ ಹಾಕುವವರ, ಅಂದರೆ ತಾಮ್ರದ ಪಾತ್ರೆಗಳ ಒಳಗೆ ತವರ ಹೊದಿಸುವವರ ಮನೆಯಲ್ಲಿ ಹುಟ್ಟಿದವನು. ಅಪ್ಪ ಮಂಡಿಪೇಟೆ, ಚೌಕಿಪೇಟೆ ಕಡೆ ಬೀದಿಯಲ್ಲೇ ಒಲೆ ಹೂಡುತ್ತಿದ್ದರು. ಒಲೆಗೆ ಗಾಳಿ ಊದುವ ತಿದಿ ಒತ್ತುವುದು ನನ್ನ ಕೆಲಸ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ, ಮೂಗು ಕಣ್ಣು ಎರಡೂ ಉರಿಯುತ್ತವೆ. ಆ ಕ್ಷಣದಲ್ಲೇ ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸುತ್ತ ಒರೆಸಬೇಕು. ಬೆಳ್ಳಿಯಂಥ ಬಣ್ಣ ಒಳಗೆಲ್ಲ ಓಡುತ್ತದೆ. ತವರ 232 ಡಿಗ್ರಿಗೆ ಕರಗುತ್ತದೆ ಎಂದು ನಾನು ಆಮೇಲೆ ಓದಿ ತಿಳಿದೆ. ಅಪ್ಪನಿಗೆ ಹೊಗೆ ನೋಡಿದರೆ ಸಾಕಿತ್ತು. ಸಾರಿನ ಪಾತ್ರೆಯಲ್ಲಿ ಕಲಾಯಿ ಸವೆದಿದ್ದರೆ ಮನೆಯ ಹೆಂಗಸರೇ ಕೂಗಿ ಕರೆಯುತ್ತಿದ್ದರು. ನೀರಿನ ಕೊಡಕ್ಕೆ ಯಾರೂ ಕೇಳುತ್ತಿರಲಿಲ್ಲ. ನೀರಿನಲ್ಲಿ ಹುಳಿ ಇಲ್ಲ, ಅಷ್ಟೇ.

ಈ ತಾಮ್ರದ ಲೋಟ ಎಲ್ಲಿಂದ ಬಂತು ಎಂದು ಬೆಂಗಳೂರಿನ ಬಾರೊಂದರಲ್ಲಿ ಕೆಲಸ ಮಾಡುವ ಸೋದರಳಿಯನನ್ನು ಕೇಳಿದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೆಸರಾದ ಮದ್ಯದ ಪಾನೀಯ ಮಾಸ್ಕೋ ಮ್ಯೂಲ್‌ನಿಂದ ಬಂದದ್ದಂತೆ. ವೋಡ್ಕಾ, ಶುಂಠಿಯ ಜಿಂಜರ್ ಬಿಯರ್, ನಿಂಬೆರಸ. ಇದಕ್ಕೆ ಅಣ್ಣತಮ್ಮಂದಿರು ತುಂಬಾ. ವೋಡ್ಕಾ ಬದಲು ಜಿನ್ ಹಾಕಿದರೆ ಜಿನ್ ಬಕ್, ಕಪ್ಪು ರಮ್ ಹಾಕಿದರೆ ಬರ್ಮುಡಾದ ಡಾರ್ಕ್ ಆ್ಯಂಡ್ ಸ್ಟಾರ್ಮಿ. ಹಾರ್ಸಸ್ ನೆಕ್ ಅಂತೂ ಮೊದಲು ಮದ್ಯವೇ ಇಲ್ಲದ ಪಾನೀಯ: ಶುಂಠಿ ಸೋಡಾ, ಐಸು, ಉದ್ದಕ್ಕೆ ಸುರುಳಿಯಾಗಿ ಸುಲಿದ ನಿಂಬೆಸಿಪ್ಪೆ. ಇವನ್ನೆಲ್ಲ ಕೊಡುವುದು ಗಾಜಿನ ಲೋಟದಲ್ಲಿ. ಮ್ಯೂಲ್‌ಗೆ ಮಾತ್ರ ತಾಮ್ರ. ಅದಕ್ಕೂ ಒಳಗೆ ಸ್ಟೀಲ್ ಅಥವಾ ನಿಕಲ್ ಹೊದಿಸಿದ ಲೋಟ ಸಿಗುತ್ತದೆ. 2017ರಲ್ಲಿ ಅಮೆರಿಕದ ಅಯೋವಾ ರಾಜ್ಯ ಇದೇ ಪಾನೀಯದ ಹೆಸರು ಹೇಳಿ ಎಚ್ಚರಿಸಿತ್ತು. ಪಿಎಚ್ 6ಕ್ಕಿಂತ ಕಡಿಮೆ ಇರುವ, ಅಂದರೆ ಹುಳಿಯಾದ ಯಾವುದನ್ನೂ ಬರಿ ತಾಮ್ರಕ್ಕೆ ತಾಗಿಸಬಾರದು ಎಂಬುದು ಅಲ್ಲಿನ ನಿಯಮ. ನಿಂಬೆರಸದ ಪಿಎಚ್ 2ರ ಆಸುಪಾಸು!

ನಮ್ಮಲ್ಲಿ ಆ ಲೋಟದ ಅಂದ ಮಾತ್ರ ಬಂದಿದೆ, ಒಳಗಿನ ಹೊದಿಕೆ ಬಂದಿಲ್ಲ. ಕೌಂಟರಿನ ಹುಡುಗನಿಗೆ ಹೇಳಿದೆ. "ತಾಮ್ರ ಆರೋಗ್ಯಕ್ಕೆ ಒಳ್ಳೇದು ಅಜ್ಜಾ" ಅಂದ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ತಾಮ್ರ ಮೈಯೊಳಗೆ ಜಾಸ್ತಿ ಸೇರಿದರೆ ವಾಂತಿ, ಹೊಟ್ಟೆನೋವು ಬರುತ್ತದೆ.

ಅಡುಗೆ ಗುತ್ತಿಗೆದಾರರಲ್ಲಿ, ಮಂಟಪದವರಲ್ಲಿ ನನ್ನ ಕೋರಿಕೆ ಇಷ್ಟೇ. ಲೋಟದ ಒಳಗೆ ಬೆಳ್ಳಗಿದ್ದರೆ ಕೊಡಿ, ಕೆಂಪಗೋ ಕಪ್ಪಗೋ ಇದ್ದರೆ ಗಾಜಿನ ಲೋಟ ತನ್ನಿ. ಆಹಾರ ಸುರಕ್ಷತಾ ಅಧಿಕಾರಿಗಳೂ ಈ ಮದುವೆ ಸೀಸನ್‌ನಲ್ಲಿ ಒಂದೆರಡು ಕೌಂಟರ್ ನೋಡಲಿ. ಈಗಾಗಲೇ ನೂರಾರು ಲೋಟ ಕೊಂಡವರು ಅವನ್ನು ಎಸೆಯಬೇಕಿಲ್ಲ, ಕಲಾಯಿ ಹಾಕಿಸಬಹುದು. ಅಪ್ಪನ ತಿದಿ ಇನ್ನೂ ನಮ್ಮ ಅಟ್ಟದ ಮೇಲಿದೆ. ಕೇಳಿದವರಿಗೆ ಕೆಲಸ ತೋರಿಸಿಕೊಡಲು ನಾನು ಸಿದ್ಧ.

— ಹಳೇ ಕಲಾಯಿ ಕೆಲಸಗಾರ, ದಾವಣಗೆರೆ