ಹಿಮೋಗ್ಲೋಬಿನ್ ಸರಿ ಇದ್ದರೆ ಮುಗೀತಾ, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯಲ್ಲಿ ಬಟ್ಟೆ ಹೊಲಿಯುವವಳು. ಕಳೆದ ವರ್ಷ ಊರಿಗೆ ರಕ್ತ ಪರೀಕ್ಷೆಯವರು ಬಂದಿದ್ದರು. ಬೆರಳು ಚುಚ್ಚಿ, ಒಂದು ಹನಿ ತೆಗೆದು, ಪುಟ್ಟ ಯಂತ್ರ ನೋಡಿ, "ಹಿಮೋಗ್ಲೋಬಿನ್ 12.2. ಚೆನ್ನಾಗಿದೀರಿ ಬಿಡಿ ಅಕ್ಕ" ಅಂದರು. ಚೆನ್ನಾಗೇನೂ ಇರಲಿಲ್ಲ. ಅರ್ಧ ಗಂಟೆ ಮೆಷಿನ್ ತುಳಿದರೆ ಏದುಸಿರು. ಬಾಚಣಿಗೆ ತುಂಬ ಕೂದಲು. ಕೊನೆಗೆ ದುಡ್ಡು ಕೊಟ್ಟು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಆಗಲೂ 12ರ ಮೇಲೇ ಇತ್ತು. ಫೆರಿಟಿನ್ ಮಾತ್ರ 7!

ಹಿಮೋಗ್ಲೋಬಿನ್ ಅಂದ್ರೆ ಒಲೆ ಮೇಲಿನ ಅನ್ನ, ಫೆರಿಟಿನ್ ಅಂದ್ರೆ ಡಬ್ಬದ ಅಕ್ಕಿ. ಡಬ್ಬದ ತಳ ಕಂಡ ಮೇಲೂ ಒಂದೆರಡು ದಿನ ಅನ್ನ ಬೇಯುತ್ತೆ, ಅಲ್ವಾ? ಆರೋಗ್ಯವಾಗಿರುವ ದೊಡ್ಡವರಿಗೆ ಫೆರಿಟಿನ್ 15ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದರಲ್ಲೂ ಒಂದು ಮೋಸವಿದೆ. ನನ್ನ ನಾದಿನಿ ಜ್ವರ ಬಂದ ವಾರವೇ ಈ ಪರೀಕ್ಷೆ ಮಾಡಿಸಿದಳು. 46 ಬಂತು. ಚೀಟಿಯಲ್ಲಿ ಚುಕ್ಕಿಯಿಲ್ಲ, ದಪ್ಪಕ್ಷರವಿಲ್ಲ, ಎಲ್ಲ ಸರಿ ಅನ್ನೋ ಹಾಗೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರುತ್ತೆ, ಆಗ 70ರ ಒಳಗಿದ್ದರೂ ಕೊರತೆ ಇರಬಹುದು ಅಂತ ಡಾಕ್ಟರು ಬಿಡಿಸಿ ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು. ಇನ್ನು ಸೀರಮ್ ಐರನ್, ಅಂದ್ರೆ ಆ ಹೊತ್ತಿಗೆ ರಕ್ತದಲ್ಲಿ ಓಡಾಡೋ ಕಬ್ಬಿಣ ಅಳೆಯುವ ಪರೀಕ್ಷೆ, ಅದೊಂದನ್ನೇ ನೆಚ್ಚಿಕೊಳ್ಳೋ ಹಾಗಿಲ್ಲ. ಕಬ್ಬಿಣದ ಮಾತ್ರೆ ನುಂಗಿ ಹೋದರೆ ಸುಮ್ನೆ ಜಾಸ್ತಿ ತೋರಿಸುತ್ತೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಅದು ಹಿಮೋಗ್ಲೋಬಿನ್ ಲೆಕ್ಕ. ನನ್ನಂಥವರು ಅದರಲ್ಲಿ ಬರುವುದೇ ಇಲ್ಲ.

ಎಲ್ಲರಿಗೂ ಫೆರಿಟಿನ್ ಮಾಡಿಸಿ ಅನ್ನುತ್ತಿಲ್ಲ, ಬೊಕ್ಕಸದ ಕಷ್ಟ ಗೊತ್ತು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರಿಗೆ, ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಬಿಡದವರಿಗೆ, ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಈ ಕೊನೆಯವರಿಗೆ ವಿಟಮಿನ್ ಬಿ12 ಕೊರತೆಯೋ, ಹೆತ್ತವರಿಂದ ಬರುವ ರಕ್ತದ ತೊಂದರೆಯಾದ ಥಲಸ್ಸೀಮಿಯಾದ ಅಂಶವೋ ಇರಬಹುದು. ಅಂಥವರ ಕೈಗೆ ಮತ್ತೊಂದು ಪಟ್ಟಿ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಏನು ಬಂತು?

ಹಾಗೇ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ. ಈ ಅಂಕಿ ಏನು, ಜ್ವರವಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ತಗೋತಿದ್ದರೆ ಅದನ್ನೂ ಹೇಳಿ. ಅಷ್ಟೇ ಸಾಕು.

ಇಂತಿ,
ನಿಮ್ಮ ಲೆಕ್ಕಕ್ಕೆ ಸಿಗದ ಒಬ್ಬ ಹೆಂಗಸು