ಆ ದೋಸೆಯನ್ನು ಒಂದು ಸಲ ತಟ್ಟೆಯಲ್ಲಿ ತಿನ್ನು

ಪ್ರೀತಿಯ ಗೆಳೆಯಾ,

ಭಾನುವಾರ ನೀನು ಕಳಿಸಿದ ಮೆಸೇಜ್ ಓದಿ ಬೇಜಾರಾಯಿತು. ‘ನಮ್ಮ ಹಳೇ ಹೋಟೆಲ್ ಕೆಟ್ಟೋಯ್ತು ಕಣೋ, ಮಸಾಲೆ ದೋಸೆ ಒದ್ದೆ ಬಟ್ಟೆ ಥರ ಇತ್ತು, ಒಂದು ಸ್ಟಾರ್ ಹಾಕಿದೀನಿ’ ಅಂತ ಬರೆದಿದ್ದೆ. ಜೊತೆಗೆ ಫೋಟೋ. ಆ ಫೋಟೋದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ದೋಸೆಯಲ್ಲ, ಪಾರ್ಸೆಲ್ ಡಬ್ಬಿ ಮುಚ್ಚಳದ ಒಳಮೈಯಲ್ಲಿ ಕೂತಿದ್ದ ನೀರಿನ ಹನಿಗಳು.

ಮನಸ್ಸು ತಡೆಯದೆ ಮಂಗಳವಾರ ಬೆಳಿಗ್ಗೆ ನಾನೇ ಹೋದೆ. ಅದೇ ಭಟ್ಟರು, ಅದೇ ಕಾವಲಿ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹಿಟ್ಟು ಹುಯ್ದು ಹರಡಿದರು. ಕೆಂಪಗಾಗುತ್ತಾ ಬಂದ ಹಾಗೆ ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಮಡಚಿ ತಟ್ಟೆಗೆ ಎತ್ತಿದರು. ತುದಿ ಮುರಿದರೆ ಟಕ್ ಅಂದಿತು. ಒಳಗೆ ಮೆತ್ತಗೆ, ಹೊರಗೆ ಗರಿಗರಿ, ನಾವು ಕಾಲೇಜಿನಲ್ಲಿದ್ದಾಗ ಹೇಗಿತ್ತೋ ಹಾಗೇ ಇತ್ತು. ನನ್ನ ಪಕ್ಕದಲ್ಲೇ ಪಾರ್ಸೆಲ್ ಕಟ್ಟುವ ಹುಡುಗ ಅದೇ ಕಾವಲಿಯ ದೋಸೆಯನ್ನು ಇನ್ನೊಂದು ಮಡಿಕೆ ಮಾಡಿ ಡಬ್ಬಿಗೆ ಇಟ್ಟು ಮುಚ್ಚಳ ಒತ್ತಿದ. ನೋಡನೋಡುತ್ತಿದ್ದಂತೆ ಮುಚ್ಚಳ ಮಂಜಾಯಿತು. ದೋಸೆ ಇನ್ನೂ ಹೋಟೆಲ್ ಬಾಗಿಲು ಕೂಡ ದಾಟಿರಲಿಲ್ಲ.

ದೋಸೆಯ ಹೊರಮೈ ಗರಿಗರಿಯಾಗುವುದು ಅಲ್ಲಿದ್ದ ನೀರು ಆವಿಯಾಗಿ ಹೋಗುವುದರಿಂದ. ಬಿಸಿ ಪಲ್ಯದಿಂದ ಹಬೆ ಬರುತ್ತಲೇ ಇರುತ್ತದೆ. ತಟ್ಟೆಯಲ್ಲಾದರೆ ಅದು ಗಾಳಿಗೆ ಹೋಗುತ್ತದೆ. ಡಬ್ಬಿಯಲ್ಲಿ ಎಲ್ಲಿಗೆ ಹೋಗಬೇಕು? ಮುಚ್ಚಳಕ್ಕೆ ತಾಗಿ, ಹನಿಯಾಗಿ, ಮತ್ತೆ ದೋಸೆಯ ಮೇಲೇ ಇಳಿಯುತ್ತದೆ. ಅಲ್ಲಿಂದ ನಿಮ್ಮ ಎಲೆಕ್ಟ್ರಾನಿಕ್ ಸಿಟಿಗೆ ಬರುವಷ್ಟರಲ್ಲಿ ಎಷ್ಟು ಸಿಗ್ನಲ್ ದಾಟಬೇಕು ಯೋಚನೆ ಮಾಡು. ಇದರಲ್ಲಿ ಭಟ್ಟರ ತಪ್ಪೂ ಇಲ್ಲ, ಬಿಸಿಲಲ್ಲಿ ಗಾಡಿ ಓಡಿಸಿಕೊಂಡು ಬಂದ ಹುಡುಗನ ತಪ್ಪೂ ಇಲ್ಲ.

ಪಾರ್ಸೆಲ್ಲೇ ಬೇಡ ಅಂತ ನಾನು ಹೇಳುತ್ತಿಲ್ಲ ಕಣೋ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಇಳಿಯೋಕಾಗಲ್ಲ ಅಂತ ನನಗೆ ಗೊತ್ತು. ಅವರಿಗೆ ಖಂಡಿತ ತರಿಸು, ಆದರೆ ದಾರಿಯನ್ನು ತಡೆದುಕೊಳ್ಳುವ ತಿಂಡಿ ತರಿಸು. ಪುಳಿಯೋಗರೆ, ಚಿತ್ರಾನ್ನ ಆರಿದರೂ ರುಚಿ ಕೆಡುವುದಿಲ್ಲ, ಅದಕ್ಕೇ ಅಲ್ವಾ ನಾವು ಪ್ರವಾಸಕ್ಕೆ ಕಟ್ಟಿಕೊಂಡು ಹೋಗುತ್ತಿದ್ದದ್ದು. ಇಡ್ಲಿ ಪರವಾಗಿಲ್ಲ, ಹೇಗಿದ್ದರೂ ಹಬೆಯಲ್ಲೇ ಬೆಂದದ್ದು. ಬಿಸಿಬೇಳೆ ಬಾತ್ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ, ಒಂದಿಷ್ಟು ಬಿಸಿನೀರು ಹಾಕಿ ಕಲಸಿದರೆ ಸರಿಹೋಗುತ್ತದೆ. ದೋಸೆ, ಪೂರಿ, ಬೋಂಡ ಮಾತ್ರ ಡಬ್ಬಿಗೆ ಹಾಕಿಸಬೇಡ.

ಚಟ್ನಿ ವಿಷಯವನ್ನೂ ಹೇಳಲೇಬೇಕು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ, ಸಾಂಬಾರೇ ಇಲ್ಲ ಅಲ್ಲಿ. ತಟ್ಟೆ ಹಿಡಿದು ರಸ್ತೆ ಬದಿ ನಿಂತು ತಿನ್ನುವುದು. ಚಟ್ನಿ ಮುಗಿದರೆ ಹೋಗಿ ತಟ್ಟೆ ಚಾಚಿದರಾಯಿತು, ಇಡ್ಲಿ ಮುಳುಗುವ ಹಾಗೆ ಮತ್ತೆ ಹಾಕುತ್ತಾರೆ. ಪಾರ್ಸೆಲ್ ತಂದರೆ ಕೊಟ್ಟಷ್ಟೇ ಚಟ್ನಿ, ಎರಡನೇ ಸಲ ಯಾರನ್ನು ಕೇಳುತ್ತೀಯ? ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನೂ ನೆನೆಸಿಕೋ. 1943ರಲ್ಲಿ ಶುರುವಾದ ಹೋಟೆಲ್, ಇವತ್ತಿಗೂ ಜನ ಹೆಸರು ಬರೆಸಿ ಹೊರಗೆ ಕಾಯುತ್ತಾರೆ. ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಗೋಪುರದ ಹಾಗೆ ಪೇರಿಸಿಕೊಂಡು ಸಪ್ಲೈಯರ್ ಬರುವುದು ಕಂಡರೆ ನಿನ್ನ ಮುಖ ಹೇಗೆ ಅರಳುತ್ತಿತ್ತು ಅಂತ ನನಗಿನ್ನೂ ನೆನಪಿದೆ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ನೋಡು. ಇಂಥ ಹೋಟೆಲುಗಳಲ್ಲಿ ಕೂತು ತಿಂದರೂ ಕಟ್ಟಿಸಿಕೊಂಡು ಹೋದರೂ ಜಿಎಸ್‌ಟಿ ಅದೇ ಶೇ 5. ಜಾಸ್ತಿಯಾಗುವುದು ಪ್ಯಾಕಿಂಗ್, ಡೆಲಿವರಿ ಅಂತ. ಆ ಭಾನುವಾರದ ಬಿಲ್ ತೆಗೆದು ನೋಡು, ಅವಕ್ಕೆ ಕೊಟ್ಟ ದುಡ್ಡು ಇಲ್ಲಿ ಒಂದು ಕಾಫಿಗೆ ಆಗುತ್ತಿತ್ತು.

ಬರುವ ಶನಿವಾರ ಬಾ. ಏಳೂವರೆಗೆ ಬಂದರೆ ಗಲಾಟೆ ಕಮ್ಮಿ, ಕಾವಲಿ ಪಕ್ಕದ ಟೇಬಲ್ ಸಿಗುತ್ತದೆ. ಎರಡು ಮಸಾಲೆ, ಆಮೇಲೆ ಬೈಟು ಕಾಫಿ. ತಿಂದಾದ ಮೇಲೂ ಹೋಟೆಲ್ ಕೆಟ್ಟಿದೆ ಅನ್ನಿಸಿದರೆ ಆ ಒಂದು ಸ್ಟಾರ್ ಹಾಗೇ ಇರಲಿ, ನಾನು ಮಾತಾಡುವುದಿಲ್ಲ. ಬರುವಾಗ ಮನೆಯಲ್ಲಿರುವ ಸ್ಟೀಲ್ ಕ್ಯಾರಿಯರ್ ಮರೆಯದೆ ತಗೊಂಡು ಬಾ. ಅಮ್ಮನಿಗೆ ನಾಲ್ಕು ಇಡ್ಲಿ, ಮೇಲಿನ ಡಬ್ಬಿ ತುಂಬ ಚಟ್ನಿ ಹಾಕಿಸಿಕೊಡುತ್ತೇನೆ.

ನಿನ್ನ ಗೆಳೆಯ