ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಲ್ಯಾಬುಗಳ ಬಾಗಿಲು ತೆರೆಸಿ: ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಕ್ಲಾಸಿನಲ್ಲಿದ್ದ ಒಬ್ಬ ಹುಡುಗಿಯ ವಿಷಯ ನಿಮಗೆ ಹೇಳಬೇಕು.

ಅವಳ ಅಪ್ಪ ಅಮ್ಮ ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ತೋಟದ ಕೆಲಸದವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು. ಎರಡನೇ ವರ್ಷದ ಬಿಎಸ್ಸಿಯಲ್ಲಿದ್ದಾಗ ಒಂದು ದಿನ ಕೇಳಿದಳು: "ಮೇಡಂ, ನಮ್ಮ ತೋಟದಲ್ಲಿ ರಸ್ತೆ ಕಡೆಯ ಅರೇಬಿಕಾ ಗಿಡಗಳಿಗೇ ಯಾಕೆ ಕಾಂಡಕೊರಕ ಜಾಸ್ತಿ? ಹಳ್ಳದ ಕಡೆ ಅಷ್ಟಿಲ್ಲ." ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಬೀಳುವ ಗಿಡ ಇಷ್ಟ, ನೆರಳು ಕಡಿಮೆಯಾದಲ್ಲಿ ಅದರ ಕಾಟ ಹೆಚ್ಚು ಎಂದು ನನಗೆ ಗೊತ್ತಿದ್ದಷ್ಟು ಹೇಳಿದೆ. ಅವಳು ಬಿಡಲಿಲ್ಲ. "ಎಷ್ಟು ನೆರಳಿದ್ದರೆ ಸಾಕು? ಸಿಲ್ವರ್ ಓಕ್ ನೆರಳೂ ಕಾಡುಮರದ ನೆರಳೂ ಒಂದೇನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ವರ್ಷ ಪಾಠ ಮಾಡಿದ ಮೇಲೆ ಒಬ್ಬ ವಿದ್ಯಾರ್ಥಿನಿ ನನಗೇ ಗೊತ್ತಿಲ್ಲದ ಪ್ರಶ್ನೆ ಕೇಳಿದ್ದಳು. ಆ ದಿನ ಮನೆಗೆ ಬಂದ ಮೇಲೂ ನನಗೆ ತುಂಬಾ ಸಂತೋಷವಾಗಿತ್ತು.

ಅವಳಿಂದ ಒಂದು ಸಮ್ಮರ್ ಫೆಲೋಶಿಪ್ಪಿಗೆ ಅರ್ಜಿ ಹಾಕಿಸಿದೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ತಿಂಗಳ ಕೆಲಸಕ್ಕೆ ಆಯ್ಕೆಯೂ ಆದಳು. ಇಡೀ ಕಾಲೇಜಿಗೆ ಸಿಹಿ ಹಂಚಿದೆವು. ಆಮೇಲೆ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬಂತು. ಪರೀಕ್ಷೆ ಮುಂದಕ್ಕೆ ಹೋಗಿ, ಸರಿಯಾಗಿ ಆ ಎರಡು ತಿಂಗಳ ನಡುವೆ ಬಂದು ಕೂತಿತ್ತು. ಪ್ರಾಕ್ಟಿಕಲ್ ಒಂದು ವಾರ, ಥಿಯರಿ ಮೂರು ವಾರ. ನಾವು ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಅವಳು ಹೋಗಲಿಲ್ಲ. ಡಿಗ್ರಿ ಮುಗಿಸಿ ಈಗ ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಆ ಕೆಲಸವೂ ಮರ್ಯಾದೆಯದೇ. ಆದರೆ ಆ ಪ್ರಶ್ನೆ ಇನ್ನೂ ಹಾಗೇ ಇದೆಯಲ್ವಾ?

ಅವಕಾಶಗಳೇ ಇಲ್ಲ ಎಂದು ನಾನು ದೂರುತ್ತಿಲ್ಲ. ಈ ವಿಷಯದಲ್ಲಿ ಕರ್ನಾಟಕದಷ್ಟು ಅದೃಷ್ಟ ಮಾಡಿದ ರಾಜ್ಯ ಕಡಿಮೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಅಧ್ಯಾಪಕರಿಗೂ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಬಿಎಸ್ಸಿ ಮಕ್ಕಳು ಮೂರು ಬೇಸಿಗೆ ಸತತವಾಗಿ ಬಂದು ಕೆಲಸ ಕಲಿಯುವ ಕಾರ್ಯಕ್ರಮವೇ ಇದೆ. ಹೈಸ್ಕೂಲಿನವರಿಗೆ ಇಸ್ರೋ 2019ರಿಂದ ಯುವಿಕಾ ನಡೆಸುತ್ತಿದೆ. ಒಂಬತ್ತನೇ ತರಗತಿಯ ಮಕ್ಕಳು ಎರಡು ವಾರ ಇಸ್ರೋ ಕೇಂದ್ರದಲ್ಲೇ ಇದ್ದು ಕಲಿಯುತ್ತಾರೆ. ಹಳ್ಳಿ ಶಾಲೆಯ ಮಕ್ಕಳಿಗೆ ಅದರಲ್ಲಿ ಹೆಚ್ಚು ಅಂಕವೂ ಇದೆ. ಇವೆಲ್ಲ ಒಳ್ಳೆಯ ಕೆಲಸಗಳು.

ಆದರೆ ಬಹುಪಾಲು ಬಾಗಿಲು ಬೆಂಗಳೂರಿನಲ್ಲೇ ಇದೆ. ಆ ಬಾಗಿಲಿನ ತನಕ ಹೋಗಲು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಬೇಕು, ಶಿಫಾರಸು ಪತ್ರ ಬೇಕು, ಎರಡು ತಿಂಗಳು ನಗರದಲ್ಲಿ ಉಳಿಯುವ ಧೈರ್ಯ ಬೇಕು, ಸ್ಟೈಪೆಂಡ್ ಕೈಗೆ ಬರುವವರೆಗೆ ಊಟಕ್ಕೆ ದುಡ್ಡು ಬೇಕು. ಪರೀಕ್ಷೆ ನಡೆಸಿ ವಿಜ್ಞಾನ ಓದುವ ಮಕ್ಕಳಿಗೆ ಫೆಲೋಶಿಪ್ ಕೊಡುತ್ತಿದ್ದ, 1999ರಲ್ಲಿ ಶುರುವಾದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆಯನ್ನೇ ನೋಡಿ. ಅದನ್ನು ನಡೆಸುತ್ತಿದ್ದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತಿತ್ತು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಅಲ್ಲೇ ಹಿಂದೆ ಉಳಿಯುತ್ತಿತ್ತು. 2022ರಲ್ಲಿ ಆ ಯೋಜನೆಯೇ ನಿಂತಿತು.

ಹಾಗಾಗಿ ನನ್ನ ಕೋರಿಕೆ ಒಂದೇ. ಬೇಸಿಗೆ ಸಂಶೋಧನೆಯನ್ನು ಜಿಲ್ಲೆಗೆ ತನ್ನಿ. ಹೊಸ ಕಟ್ಟಡ ಬೇಡ. ಇರುವ ಲ್ಯಾಬುಗಳ ಬಾಗಿಲು ತೆರೆಸಿ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಬಾಳೆಹೊನ್ನೂರಿನ ಹತ್ತಿರ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಲ್ಲಿ ಶುರುವಾದದ್ದು. ನಮ್ಮ ಬೆಳೆಗಾರರು ಇಂದಿಗೂ ನೆಡುವ ಎಸ್.795 ತಳಿ ಅಲ್ಲಿಯದೇ. ಅಲ್ಲಿ ಕೀಟಶಾಸ್ತ್ರಜ್ಞರಿದ್ದಾರೆ, ಪ್ರಯೋಗದ ತೋಟವಿದೆ. ನನ್ನ ಹುಡುಗಿಯ ಪ್ರಶ್ನೆಗೆ ಬೆಂಗಳೂರಿಗಿಂತ ಸರಿಯಾದ ಜಾಗ ಅದು. ಇನ್ನೊಂದು ಮಾತು. ಕಾಂಡಕೊರಕದ ದುಂಬಿ ಗಿಡದಿಂದ ಹೊರಗೆ ಹಾರುವುದು ವರ್ಷಕ್ಕೆ ಎರಡು ಸಲ. ಮಳೆಗಾಲಕ್ಕೆ ಮುಂಚೆ ಏಪ್ರಿಲ್ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಮೊದಲನೆಯದು ಸರಿಯಾಗಿ ಬೇಸಿಗೆಯಲ್ಲೇ ಬರುತ್ತದೆ. ಆರು ವಾರ ಇಬ್ಬರು ಮಕ್ಕಳು ಎರಡು ಬಗೆಯ ನೆರಳಿನ ತೋಟಗಳಲ್ಲಿ ದುಂಬಿಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ, ದಿನಾ ಬಿದ್ದ ದುಂಬಿ ಎಣಿಸಿ, ಬೆಳಕು ಅಳೆದು ಬರೆದಿಟ್ಟರೆ ಅದು ನಿಜವಾದ ಸಂಶೋಧನೆ. ಬೆಳೆಗಾರರಿಗೂ ಬೇಕಾದದ್ದು.

ಇಂಥ ಜಾಗಗಳು ರಾಜ್ಯದ ತುಂಬಾ ಇವೆ. ಪುತ್ತೂರಿನಲ್ಲಿ ಗೇರು ಸಂಶೋಧನೆ, ಮೈಸೂರಿನಲ್ಲಿ ಆಹಾರ ಮತ್ತು ರೇಷ್ಮೆ, ಕಲಬುರಗಿಯಲ್ಲಿ ತೊಗರಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತ ಮತ್ತು ಕಬ್ಬು, ಕಾರವಾರದಲ್ಲಿ ಕಡಲ ಜೀವಶಾಸ್ತ್ರ. ಗೌರಿಬಿದನೂರಿನ ಹತ್ತಿರ ರೇಡಿಯೋ ದೂರದರ್ಶಕವಿದೆ. ಅದರ ಪಕ್ಕದ ಊರಿನ ಎಷ್ಟು ಹೈಸ್ಕೂಲ್ ಮಕ್ಕಳು ಅದರೊಳಗೆ ಹೋಗಿ ಅದು ಏನು ಕೇಳಿಸಿಕೊಳ್ಳುತ್ತದೆ ಎಂದು ತಿಳಿದಿರಬಹುದು? ಇವುಗಳಲ್ಲಿ ಕೆಲವು ಕೇಂದ್ರ ಸರ್ಕಾರದವು ಎಂದು ನನಗೆ ಗೊತ್ತು. ಅವಕ್ಕೆ ನೀವು ಪತ್ರ ಬರೆಯಬೇಕು, ಒಪ್ಪಂದ ಮಾಡಿಕೊಳ್ಳಬೇಕು. ಕೃಷಿ ವಿಶ್ವವಿದ್ಯಾಲಯಗಳ ಕೇಂದ್ರಗಳಂತೂ ನಮ್ಮ ರಾಜ್ಯದವೇ. ಬೆಂಗಳೂರಿನ ಹೊರಗೆ ಇಂಥದ್ದು ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತೋರಿಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಲ್ಲಿನ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ವರ್ಷಗಳಿಂದ ತರಬೇತಿ ನಡೆಯುತ್ತಿದೆ.

ಖರ್ಚಿನ ಲೆಕ್ಕವನ್ನೂ ಹಾಕಿದ್ದೇನೆ. ಜಿಲ್ಲೆಗೆ 20 ಡಿಗ್ರಿ ಮಕ್ಕಳು, 31 ಜಿಲ್ಲೆಗೆ 620. ಆರು ವಾರಕ್ಕೆ ಒಬ್ಬರಿಗೆ 10,000 ರೂಪಾಯಿ ಕೊಟ್ಟರೆ 62 ಲಕ್ಷ. ಅದರಲ್ಲಿ ಅರ್ಧ ಮೊದಲ ವಾರದಲ್ಲೇ ಕೈಗೆ ಬರಬೇಕು. ಇದು ದಯವಿಟ್ಟು ನೆನಪಿರಲಿ. ನಮ್ಮ ಮಕ್ಕಳು ರಜೆಯಲ್ಲಿ ಸುಮ್ನೆ ಕೂರುವವರಲ್ಲ. ತೋಟಕ್ಕೋ ಅಂಗಡಿಗೋ ಹೋಗಿ ಮುಂದಿನ ವರ್ಷದ ಫೀಸಿಗೆ ಕೂಡಿಡುತ್ತಾರೆ. ಆ ದುಡಿಮೆ ಬಿಟ್ಟು ಲ್ಯಾಬಿಗೆ ಬಾ ಎಂದರೆ ಮನೆಯವರಿಗೆ ನಾವು ಏನು ಹೇಳುವುದು? ಹೈಸ್ಕೂಲ್ ಮಕ್ಕಳಿಗೆ ಎರಡು ವಾರ ಸಾಕು. ಅವರಿಗೆ ಬಸ್ ಪಾಸ್, ಮಧ್ಯಾಹ್ನದ ಊಟ, ಜೊತೆಗೆ ಅವರ ಶಾಲೆಯ ಒಬ್ಬ ಶಿಕ್ಷಕರು.

ಅರ್ಜಿ ಕನ್ನಡದಲ್ಲಿರಲಿ. ನೋಟ್‌ಬುಕ್ ಕನ್ನಡದಲ್ಲಿ ಬರೆಯಲು ಬಿಡಿ. ಕೊನೆಯ ದಿನ ತಮ್ಮ ಕೆಲಸವನ್ನು ಕನ್ನಡದಲ್ಲೇ ನಿಂತು ಹೇಳಲಿ, ಅಪ್ಪ ಅಮ್ಮ ಬಂದು ಕೇಳಲಿ. ಇಂಗ್ಲಿಷ್ ಆಮೇಲೆ ಬರುತ್ತದೆ. ನನಗೂ ಹಾಗೇ ಬಂದದ್ದು.

ಪರೀಕ್ಷೆಯ ದಿನಾಂಕ ಉನ್ನತ ಶಿಕ್ಷಣ ಇಲಾಖೆಯ ವಿಷಯ. ಆದರೆ ಆ ಸಚಿವರೂ ನೀವೂ ಒಂದೇ ಸಂಪುಟದಲ್ಲಿದ್ದೀರಿ. ಆ ಆರು ವಾರ ಯಾವ ವಿಶ್ವವಿದ್ಯಾಲಯವೂ ಪರೀಕ್ಷೆ ಇಡದಂತೆ ಇಬ್ಬರೂ ಕೂತು ಮಾತಾಡಿ. ಆಗದಿದ್ದರೆ, ಫೆಲೋಶಿಪ್ಪಿಗೆ ಹೋದ ಮಕ್ಕಳಿಗೆ ಬೇರೆ ದಿನ ಪರೀಕ್ಷೆ ಕೊಡುವಂತಾಗಲಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ಬುಕ್ಕಿನಿಂದ ಚಿತ್ರ ನಕಲಾಗುತ್ತದೆ. ಬೇರೆ ಉತ್ತರ ಬಂದರೆ ಮಕ್ಕಳು ಅದನ್ನು ತಪ್ಪು ಎಂದು ಹೊಡೆದು ಹಾಕುತ್ತಾರೆ. ರಾಮನ್ ಮದ್ರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಸ್ಪೆಕ್ಟ್ರೋಮೀಟರ್ ಎಂಬ ಬೆಳಕಿನ ಉಪಕರಣದಲ್ಲಿ ಇಂಥದ್ದೇ ಒಂದು ಮಾಮೂಲಿ ಪ್ರಯೋಗ ಮಾಡುತ್ತಾ ವಿಚಿತ್ರವಾದ ಬೆಳಕಿನ ಪಟ್ಟಿಗಳನ್ನು ಕಂಡರು. ಅವರು ಹೊಡೆದು ಹಾಕಲಿಲ್ಲ. ಅದರ ಬೆನ್ನು ಹತ್ತಿದರು. 1906ರಲ್ಲಿ ಆ ಬಗ್ಗೆ ಮೊದಲ ಲೇಖನ ಪ್ರಕಟವಾದಾಗ ಅವರಿಗೆ ಬರೀ 18 ವರ್ಷ. ನನ್ನ ಕ್ಲಾಸಿನ ಮಕ್ಕಳದ್ದೂ ಅದೇ ವಯಸ್ಸು.

ಮುಂದಿನ ಏಪ್ರಿಲ್‌ನಲ್ಲಿ ಶುರುವಾಗಬೇಕಾದರೆ ಡಿಸೆಂಬರಿನೊಳಗೆ ಅರ್ಜಿ ಕರೆಯಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಮಕ್ಕಳನ್ನು ಸೇರಿಸುವ, ಶಾಲೆಗಳಿಗೆ ಹೋಗಿ ಹೇಳುವ, ಆರು ವಾರ ಅವರ ಜೊತೆ ಇರುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಸಂಬಳ ಬೇಡ. ಮೊನ್ನೆ ಆ ಹುಡುಗಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಈ ಪತ್ರ ಬರೆಯುತ್ತಿದ್ದೇನೆ ಎಂದೆ. ಸಣ್ಣ ಮಕ್ಕಳಿಗೆ ಬಲೆ ಕಟ್ಟಲು ತೋರಿಸಬೇಕಾದರೆ ತಾನೂ ಬರುತ್ತೇನೆ, ಭಾನುವಾರ ರಜೆ ಇರುತ್ತದೆ ಎಂದಳು.

ನಿಮ್ಮ ಉತ್ತರಕ್ಕೆ ಕಾಯುತ್ತಾ,

ಸಸ್ಯಶಾಸ್ತ್ರ ಅಧ್ಯಾಪಕಿ,
ಚಿಕ್ಕಮಗಳೂರು ಜಿಲ್ಲೆ